ಮೇನ್ ರಾಜ್ಯ: ಕರಾವಳಿಯ ಉದ್ದ, ಕಾಡಿನ ಒಡೆತನ, ಲಾಬ್‌ಸ್ಟರ್, ಬಾವುಟ – ಐದು ಗೊಂದಲ

ಪಾಠದಪುಟ ಕೇಳಿದ್ದು:

ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ ಬಗ್ಗೆ ಪ್ರೌಢಶಾಲೆಯ ಮಕ್ಕಳು ಓದುವಂಥ ಪರಿಚಯ ಲೇಖನ ಬರೆಯುತ್ತಿದ್ದೇನೆ. ಮೂಲ ಸಂಗತಿಗಳು ಕೈಯಲ್ಲಿವೆ. 1820ರ ಮಾರ್ಚ್ 15ರಂದು ಮ್ಯಾಸಚೂಸೆಟ್ಸ್‌ನಿಂದ ಬೇರೆಯಾಗಿ 23ನೇ ರಾಜ್ಯವಾಯಿತು. ರಾಜಧಾನಿ ಆಗಸ್ಟಾ, ದೊಡ್ಡ ನಗರ ಪೋರ್ಟ್‌ಲ್ಯಾಂಡ್. 2020ರ ಜನಗಣತಿಯಲ್ಲಿ ಸುಮಾರು 13.6 ಲಕ್ಷ ಜನ. ಅಮೆರಿಕದೊಳಗೆ ನೆರೆರಾಜ್ಯ ನ್ಯೂ ಹ್ಯಾಂಪ್‌ಶೈರ್ ಒಂದೇ, ಉಳಿದ ಗಡಿಯೆಲ್ಲ ಕೆನಡಾ ಮತ್ತು ಅಟ್ಲಾಂಟಿಕ್. ತೊಡಕಾಗಿರುವುದು ಇಲ್ಲಿ:

1. ಕರಾವಳಿ 228 ಮೈಲಿ ಎಂದು ಒಂದು ಕಡೆ, 3,478 ಮೈಲಿ ಎಂದು ಇನ್ನೊಂದು ಕಡೆ ಇದೆ. ಯಾವುದು ಸರಿ?
2. ನೆಲದ ನೂರಕ್ಕೆ ಸುಮಾರು 90 ಭಾಗ ಕಾಡು. ಇದನ್ನು ಸರ್ಕಾರಿ ಅರಣ್ಯ ಎಂದು ಬರೆಯಬಹುದೇ?
3. "ಮೇನ್‌ನ ಆರ್ಥಿಕತೆಯ ಬೆನ್ನೆಲುಬು ಲಾಬ್‌ಸ್ಟರ್ ಮತ್ತು ಮರ" ಎಂಬ ವಾಕ್ಯ ನಿಲ್ಲುತ್ತದೆಯೇ? ಅಷ್ಟು ಹಿಡಿದರೂ ಲಾಬ್‌ಸ್ಟರ್ (ದೊಡ್ಡ ಇಕ್ಕುಳಗಳಿರುವ, ಸೀಗಡಿಯಂಥ ಕಡಲಜೀವಿ) ಯಾಕೆ ಮುಗಿದಿಲ್ಲ?
4. ಪೈನ್ ಕಾಯಿ ರಾಜ್ಯಪುಷ್ಪವಂತೆ. ಬಾವುಟಕ್ಕೂ ಎರಡು ಬೇರೆಬೇರೆ ಚಿತ್ರ ಸಿಗುತ್ತಿವೆ. ಯಾವುದು ಈಗಿನದು?
5. "ಅಮೆರಿಕದಲ್ಲಿ ಮೊದಲು ಸೂರ್ಯ ಹುಟ್ಟುವುದು ಕ್ಯಾಡಿಲಾಕ್ ಬೆಟ್ಟದ ಮೇಲೆ" ಎಂದು ಬರೆದಿದ್ದೇನೆ. ಹಾಗೇ ಇರಲೇ?

---

ಅಳತೆಪಟ್ಟಿ ಉತ್ತರ:

ಒಂದನೆಯದಕ್ಕೂ ಐದನೆಯದಕ್ಕೂ ಹೇಳುತ್ತೇನೆ.

ಎರಡು ಅಂಕಿಯೂ ಸರಿ, ಅಳೆದ ರೀತಿ ಬೇರೆ. 228 ಮೈಲಿ ಎಂದರೆ ದಕ್ಷಿಣದ ಕಿಟರಿಯಿಂದ ಪೂರ್ವದ ಕೆನಡಾ ಗಡಿಯವರೆಗೆ ಒಳಸರಿದ ಕೊಲ್ಲಿಗಳನ್ನು ಬಿಟ್ಟು ಎಳೆದ ಸಾಮಾನ್ಯ ರೇಖೆ. 3,478 ಮೈಲಿ ಎಂದರೆ ಉಬ್ಬರದ ನೀರು ಮುಟ್ಟುವ ಅಂಚನ್ನೆಲ್ಲ, ಅಂದರೆ ಕೊಲ್ಲಿ, ಅಳಿವೆ, ದ್ವೀಪಗಳ ಸುತ್ತು ಎಲ್ಲವನ್ನೂ ಸೇರಿಸಿ ಅಳೆದದ್ದು. ಲೇಖನದಲ್ಲಿ ಎರಡನ್ನೂ ಕೊಡಿ, ಪಕ್ಕದಲ್ಲೇ ಕ್ಯಾಲಿಫೋರ್ನಿಯಾದ ಅಂಕಿಯನ್ನೂ ಇಡಿ. ಅದರ ಸಾಮಾನ್ಯ ರೇಖೆ 840 ಮೈಲಿ, ಉಬ್ಬರದ ಅಂಚು 3,427 ಮೈಲಿ. ನೇರ ರೇಖೆಯಲ್ಲಿ ಅದರ ಕಾಲುಭಾಗದಷ್ಟೇ ಇರುವ ಮೇನ್, ಅಂಚಿನ ಲೆಕ್ಕದಲ್ಲಿ ಅದನ್ನೂ ಮೀರಿಸುತ್ತದೆ. ಈ ಒಂದು ಹೋಲಿಕೆಯಲ್ಲೇ ಮಕ್ಕಳಿಗೆ ಆ ತೀರದ ಸ್ವರೂಪ ತಿಳಿದುಬಿಡುತ್ತದೆ.

ತೀರ ಇಷ್ಟು ಹರಿದುಹೋಗಿರುವುದಕ್ಕೆ ಕಾರಣ ಹಿಮಯುಗ. ಒಂದು ಮೈಲಿಗೂ ದಪ್ಪದ ಹಿಮಗಡ್ಡೆ ಈ ನೆಲದ ಮೇಲೆ ಕೂತು ಕಣಿವೆಗಳನ್ನು ಕೊರೆಯಿತು, ಅದರ ಭಾರಕ್ಕೆ ನೆಲವೂ ತಗ್ಗಿತು. ಹಿಮ ಹಿಂದೆ ಸರಿದಾಗ ಕಡಲು ಒಳನಾಡಿಗೆ ನುಗ್ಗಿ ಕೆನೆಬೆಕ್ ನದಿಯ ಕಣಿವೆಯಲ್ಲಿ ಬಿಂಗ್‌ಹ್ಯಾಮ್‌ವರೆಗೂ ಹೋಗಿತ್ತು. ಆಗ ತಳಕ್ಕಿಳಿದ ನೀಲಿ-ಬೂದು ಜೇಡಿ ಇವತ್ತಿಗೂ ಕಡಲಿನಿಂದ ಎಷ್ಟೋ ಮೈಲಿ ಒಳಗೆ ಹೊಲಗಳ ಕೆಳಗಿದೆ. ಮಳೆ ಹೆಚ್ಚಾದರೆ ನದಿದಂಡೆ ಅಲ್ಲಿ ಕುಸಿಯುವುದಕ್ಕೆ ಅದೇ ಕಾರಣ. ಭಾರ ಇಳಿದ ಮೇಲೆ ನೆಲ ಮೇಲೆದ್ದಿತು, ಕಡಲು ಈಗಿನ ಮಟ್ಟಕ್ಕಿಂತಲೂ ಕೆಳಗಿಳಿದು ಆಮೇಲೆ ಮತ್ತೆ ಏರಿತು. ಮುಳುಗಿದ ಕಣಿವೆಗಳು ಕೊಲ್ಲಿಗಳಾದವು, ಗುಡ್ಡದ ತಲೆಗಳು 3,000ಕ್ಕೂ ಹೆಚ್ಚು ದ್ವೀಪಗಳಾದವು.

ನಕ್ಷೆ ಬಿಡಿಸುವಾಗ ಒಂದು ಎಚ್ಚರ. ನಡುಕರಾವಳಿಯಲ್ಲಿ ನೆಲ ಬೆರಳುಗಳ ಹಾಗೆ ಕಡಲಿಗೆ ಚಾಚಿದೆ. ಒಂದು ಬೆರಳಿನ ತುದಿಯಿಂದ ಪಕ್ಕದ ಬೆರಳಿನ ತುದಿ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ, ರಸ್ತೆಯಲ್ಲಿ ಹೋಗಬೇಕಾದರೆ ಸಾಮಾನ್ಯವಾಗಿ ಒಂದನೇ ಹೆದ್ದಾರಿಯ ತನಕ ವಾಪಸು ಬಂದು ಇನ್ನೊಂದಕ್ಕೆ ಇಳಿಯಬೇಕು. ನಕ್ಷೆಯ ಮೇಲೆ ನೇರ ದೂರ ಅಳೆದು "ಇಷ್ಟು ಮೈಲಿ ಪ್ರಯಾಣ" ಎಂದು ಬರೆದರೆ ಪೂರ್ತಿ ತಪ್ಪುತ್ತದೆ. ಉಬ್ಬರವಿಳಿತವೂ ಎಲ್ಲ ಕಡೆ ಒಂದೇ ಅಲ್ಲ. ಪೋರ್ಟ್‌ಲ್ಯಾಂಡ್‌ನಲ್ಲಿ ಸರಾಸರಿ 9 ಅಡಿ, ಪೂರ್ವದ ಈಸ್ಟ್‌ಪೋರ್ಟ್‌ನಲ್ಲಿ 18 ಅಡಿ ದಾಟುತ್ತದೆ, ಏಕೆಂದರೆ ಅದು ಫಂಡಿ ಕೊಲ್ಲಿಯ ಬಾಯಿಯಲ್ಲಿದೆ.

ಇನ್ನು ಸೂರ್ಯೋದಯ. ಕ್ಯಾಡಿಲಾಕ್ ಬೆಟ್ಟ (1,530 ಅಡಿ) ಮೊದಲ ಕಿರಣ ಪಡೆಯುವುದು ಸುಮಾರು ಅಕ್ಟೋಬರ್ 7ರಿಂದ ಮಾರ್ಚ್ 6ರವರೆಗೆ ಮಾತ್ರ. ಬೇಸಿಗೆಯಲ್ಲಿ ಸೂರ್ಯ ಈಶಾನ್ಯಕ್ಕೆ ವಾಲಿ ಹುಟ್ಟುವುದರಿಂದ ಆ ಪಾಲು ಉತ್ತರದ ಮಾರ್ಸ್ ಹಿಲ್‌ಗೆ. ವಿಷುವತ್ತುಗಳ ಆಸುಪಾಸಿನ ಕೆಲವು ವಾರ ಪೂರ್ವ ತುದಿಯ ಭೂಶಿರವಾದ ವೆಸ್ಟ್ ಕ್ವಾಡಿ ಹೆಡ್‌ಗೆ. ಅಮೆರಿಕದ ಆಡಳಿತದಲ್ಲಿರುವ ಗುವಾಮ್ ದ್ವೀಪದಲ್ಲಿ ಇದಕ್ಕೆಲ್ಲ ಎಷ್ಟೋ ಮುಂಚೆ ಬೆಳಗಾಗಿರುತ್ತದೆ. ಹಾಗಾಗಿ "ಅಮೆರಿಕದ ಪ್ರಧಾನ ಭೂಭಾಗದಲ್ಲಿ, ಚಳಿಗಾಲದ ತಿಂಗಳುಗಳಲ್ಲಿ" ಎಂದು ತಿದ್ದಿ. ಇನ್ನೊಂದು ವಿಷಯ: 2021ರಿಂದ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಕಾರಿನಲ್ಲಿ ಆ ಬೆಟ್ಟ ಹತ್ತಲು ಮುಂಗಡ ಕಾಯ್ದಿರಿಸಿಕೊಳ್ಳಬೇಕು. ಬೆಟ್ಟವಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಪ್ರವೇಶಪತ್ರ ಇದ್ದರೂ ಇದು ಬೇರೆಯಾಗಿ ಬೇಕು.

---

ಸೂಜಿಎಲೆ ಉತ್ತರ:

ಎರಡನೆಯ ಪ್ರಶ್ನೆಗೆ: ಸರ್ಕಾರಿ ಅರಣ್ಯ ಎಂದು ದಯವಿಟ್ಟು ಬರೆಯಬೇಡಿ. ಅಮೆರಿಕದ ಪಶ್ಚಿಮ ರಾಜ್ಯಗಳನ್ನು ನೋಡಿದವರು ಮೇನ್ ವಿಷಯದಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪು ಇದು. ಒಟ್ಟು ಸುಮಾರು 1.75 ಕೋಟಿ ಎಕರೆ ಕಾಡಿನಲ್ಲಿ ನೂರಕ್ಕೆ 90ರಷ್ಟು ಖಾಸಗಿ. ಶೇಕಡಾವಾರು ಲೆಕ್ಕದಲ್ಲಿ ಇಷ್ಟು ಕಾಡಿರುವ ರಾಜ್ಯ ಅಮೆರಿಕದಲ್ಲಿ ಬೇರೊಂದಿಲ್ಲ, ಆದರೂ ಅದು ಯಾರದೋ ಸ್ವತ್ತು. ರಾಜ್ಯದ ಉತ್ತರ ಮತ್ತು ಪಶ್ಚಿಮದಲ್ಲಿ ಒಂದು ಕೋಟಿ ಎಕರೆಗೂ ಹೆಚ್ಚು ನೆಲಕ್ಕೆ ಊರಾಡಳಿತವೇ ಇಲ್ಲ; ಅಲ್ಲಿ ಕಟ್ಟಡದ ಅನುಮತಿಯಿಂದ ಹಿಡಿದು ತೆರಿಗೆಯವರೆಗೆ ನೇರ ರಾಜ್ಯವೇ ನೋಡಿಕೊಳ್ಳುತ್ತದೆ.

ಒಡೆತನ ಮೂರು ಬಗೆ. ದಕ್ಷಿಣದಲ್ಲಿ ಕುಟುಂಬಗಳ ಸಣ್ಣ ತುಂಡುಗಳು. ಉತ್ತರದಲ್ಲಿ ಲಕ್ಷಗಟ್ಟಲೆ ಎಕರೆಯ ದೊಡ್ಡ ಒಡೆಯರು. ಹಿಂದೆ ಇವರು ಕಾಗದ ಕಂಪನಿಗಳು, 1990ರ ದಶಕದಿಂದೀಚೆಗೆ ಹೆಚ್ಚಾಗಿ ಹೂಡಿಕೆ ನಿಧಿಗಳು ಮತ್ತು ಹಳೆಯ ಮರದ ವ್ಯಾಪಾರಿ ಮನೆತನಗಳು. ಮೂರನೆಯದು ಬುಡಕಟ್ಟು ಜನರದು. ಪೆನಾಬ್‌ಸ್ಕಾಟ್ ಮತ್ತು ಪ್ಯಾಸಮಕ್ವಾಡಿ ಜನ ತಮ್ಮ ನೆಲ ಕಾನೂನುಬಾಹಿರವಾಗಿ ಹೋಯಿತೆಂದು ಹೂಡಿದ ದಾವೆ 1980ರ ಒಪ್ಪಂದದಲ್ಲಿ ಮುಗಿದಾಗ 8.15 ಕೋಟಿ ಡಾಲರ್ ಸಿಕ್ಕಿತು, ಅದರ ದೊಡ್ಡ ಭಾಗದಿಂದ ಅವರು ಕಾಡನ್ನೇ ಕೊಂಡರು. ಮಕ್ಕಳ ಲೇಖನದಲ್ಲಿ ಇದಕ್ಕೆ ಎರಡು ಸಾಲಾದರೂ ಇರಲೇಬೇಕು. ಈ ನಾಡಿನ ಮೊದಲ ಜನ ಅವರು, ಇವತ್ತಿಗೂ ಅಲ್ಲೇ ಇದ್ದಾರೆ.

ಖಾಸಗಿ ನೆಲ ಕಾಡಾಗಿಯೇ ಉಳಿದದ್ದಕ್ಕೆ ತೆರಿಗೆಯೂ ಒಂದು ಕಾರಣ. 1972ರ ಮರಬೆಳವಣಿಗೆ ತೆರಿಗೆ ಕಾಯ್ದೆಯ ಪ್ರಕಾರ ಕನಿಷ್ಠ 10 ಎಕರೆ ಕಾಡಿದ್ದವರು ಅದನ್ನು ನೋಂದಾಯಿಸಬಹುದು. ಆಮೇಲೆ ಆ ನೆಲದ ತೆರಿಗೆ ಮಾರುಕಟ್ಟೆ ಬೆಲೆಯ ಮೇಲಲ್ಲ, ವರ್ಷಕ್ಕೆ ಎಷ್ಟು ಮರ ಬೆಳೆಯುತ್ತದೆ ಎಂಬುದರ ಮೇಲೆ ಬೀಳುತ್ತದೆ. ಬದಲಿಗೆ ಪರವಾನಗಿ ಪಡೆದ ಅರಣ್ಯತಜ್ಞರಿಂದ ನಿರ್ವಹಣಾ ಯೋಜನೆ ಬರೆಸಿ 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಮನೆ ಕಟ್ಟಲು ನೆಲವನ್ನು ಯೋಜನೆಯಿಂದ ಹೊರತೆಗೆದರೆ ದಂಡ ಭಾರೀ. ಸರೋವರದ ದಡದ ನೆಲಕ್ಕೆ ಈ ಕಾಯ್ದೆ ಎಷ್ಟು ಆಸರೆಯಾಯಿತು ಎಂದರೆ, ಇದಿಲ್ಲದಿದ್ದರೆ ಬರೀ ತೆರಿಗೆ ಕಟ್ಟಲಾಗದೆ ಎಷ್ಟೋ ಕುಟುಂಬಗಳು ಅದನ್ನು ನಿವೇಶನ ಮಾಡಿ ಮಾರಬೇಕಾಗುತ್ತಿತ್ತು.

ಕಡಿತಕ್ಕೂ ಲೆಕ್ಕವಿದೆ. 1989ರ ಅರಣ್ಯ ಪದ್ಧತಿ ಕಾಯ್ದೆ ಬೋಳುಕಡಿತಕ್ಕೆ ಅಳತೆಯಿಟ್ಟು ವಿವರಣೆ ಕೊಟ್ಟಿತು: 5 ಎಕರೆಗೂ ದೊಡ್ಡ ಜಾಗದಲ್ಲಿ, ಎದೆಮಟ್ಟದಲ್ಲಿ ನಾಲ್ಕೂವರೆ ಅಂಗುಲಕ್ಕಿಂತ ದಪ್ಪದ ಮರಗಳ ಕಾಂಡದ ಅಡ್ಡಕೊಯ್ತ ಒಟ್ಟು ಸೇರಿ ಎಕರೆಗೆ 30 ಚದರ ಅಡಿಗಿಂತ ಕಡಿಮೆ ಉಳಿದರೆ ಅದು ಬೋಳುಕಡಿತ. ಅಂಥ ಒಂದು ತುಂಡು 250 ಎಕರೆ ಮೀರುವ ಹಾಗಿಲ್ಲ.

ಎಡವಟ್ಟಾಗುವುದು ಎಲ್ಲಿ? ಒಂದು, ಋತು. ಒದ್ದೆ ನೆಲದ ಕಾಡಿನಲ್ಲಿ ನೆಲ ಹೆಪ್ಪುಗಟ್ಟಿದಾಗ ಮಾತ್ರ ಭಾರದ ಯಂತ್ರ ಇಳಿಸಬಹುದು. ಹಿಮ ಕರಗುವ ಕೆಸರುಕಾಲದಲ್ಲಿ ರಸ್ತೆಗಳಿಗೆ ಭಾರದ ಮಿತಿ ಬೀಳುತ್ತದೆ, ಲಾರಿಗಳು ನಿಲ್ಲುತ್ತವೆ. ಚಳಿಗಾಲ ಕಿರಿದಾದಷ್ಟೂ ಕಡಿಯುವವರ ದುಡಿಮೆಯ ದಿನ ಕಡಿಮೆ. ಎರಡು, ಸ್ಪ್ರೂಸ್ ಮೊಗ್ಗಿನ ಹುಳು. 1970–80ರ ದಶಕಗಳಲ್ಲಿ ಬಾಲ್ಸಮ್ ಫರ್ ಮತ್ತು ಸ್ಪ್ರೂಸ್ ಮರಗಳನ್ನು ಅಪಾರವಾಗಿ ಸಾಯಿಸಿತು. ಕೆಲವು ದಶಕಕ್ಕೊಮ್ಮೆ ಮರಳಿ ಬರುವುದು ಅದರ ಸ್ವಭಾವ. ಮೂರು, ಕಾಗದ ಕಾರ್ಖಾನೆಗಳ ಮುಚ್ಚುವಿಕೆ: ಮಿಲಿನಾಕೆಟ್ 2008, ಬಕ್ಸ್‌ಪೋರ್ಟ್ 2014, ಜೇ 2023. ಜೇ ಕಾರ್ಖಾನೆಯಲ್ಲಿ 2020ರ ಏಪ್ರಿಲ್‌ನಲ್ಲಿ ಮರದ ತಿರುಳು ಬೇಯಿಸುವ ಕಡಾಯಿಯೇ ಸಿಡಿದಿತ್ತು. ಒಂದು ಕಾರ್ಖಾನೆ ಮುಚ್ಚಿದರೆ ನಷ್ಟ ಅಲ್ಲಿನ ನೌಕರರಿಗಷ್ಟೇ ಅಲ್ಲ. ಸಣಕಲು, ಡೊಂಕು ಮರಗಳನ್ನು ಕೊಳ್ಳುತ್ತಿದ್ದದ್ದು ಅದೇ. ಕೊಳ್ಳುವವರಿಲ್ಲವೆಂದಾಗ ಕಾಡನ್ನು ತೆಳುಗೊಳಿಸುವ ಖರ್ಚು ಹುಟ್ಟುವುದಿಲ್ಲ, ಒಳ್ಳೆಯ ಮರಗಳಿಗೆ ಬೆಳಕು ಸಿಗುವುದಿಲ್ಲ, ಹಲಗೆ ಗಿರಣಿಯ ಹೊಟ್ಟು-ಚೂರುಗಳಿಗೂ ಗಿರಾಕಿ ಇರುವುದಿಲ್ಲ. ಮ್ಯಾಡಿಸನ್ ಊರಿನ ಮುಚ್ಚಿದ ಕಾಗದ ಕಾರ್ಖಾನೆಯಲ್ಲಿ ಮರದ ನಾರಿನಿಂದ ಮನೆಗೋಡೆಯ ಶಾಖನಿರೋಧಕ ಮಾಡಲು ಹೊರಟದ್ದು ಈ ಖಾಲಿ ಜಾಗ ತುಂಬುವ ಪ್ರಯತ್ನವೇ.

ಒಳಹೋಗುವವರ ಬಗ್ಗೆ ಬರೆಯುವುದಾದರೆ: ಉತ್ತರದ ಸುಮಾರು 35 ಲಕ್ಷ ಎಕರೆಗೆ ಒಡೆಯರ ಕೂಟ ನಡೆಸುವ ಗೇಟುಗಳಿವೆ, ಶುಲ್ಕ ಕೊಟ್ಟು ಹೆಸರು ಬರೆಸಿ ಹೋಗಬೇಕು. ಒಳಗೆ ಪೆಟ್ರೋಲ್ ಇಲ್ಲ, ಬಹುಪಾಲು ಕಡೆ ಮೊಬೈಲ್ ಸಂಕೇತವೂ ಇಲ್ಲ. ಮರದ ಲಾರಿಗೇ ಮೊದಲ ಹಕ್ಕು. ಅದು ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಜಲ್ಲಿಯ ಚೂಪಿಗೆ ಟೈರ್ ಹರಿಯುವುದು ಮಾಮೂಲು, ಹಾಗಾಗಿ ಪೂರ್ಣ ಗಾತ್ರದ ಬದಲಿ ಚಕ್ರ ಇಟ್ಟುಕೊಂಡೇ ಹೋಗಬೇಕು.

---

ಬೋನುಬೆಂಡು ಉತ್ತರ:

ಲಾಬ್‌ಸ್ಟರ್ ಯಾಕೆ ಮುಗಿದಿಲ್ಲ ಎಂಬುದು ನಿಮ್ಮ ಐದರಲ್ಲಿ ಅತ್ಯಂತ ಒಳ್ಳೆಯ ಪ್ರಶ್ನೆ. ನಿಯಮಗಳು ಸರಳ, ಜನ ಅವನ್ನು ಪಾಲಿಸುತ್ತಾರೆ. ಒಂದೊಂದಾಗಿ ನೋಡಿ.

ಅಳತೆ. ದೋಣಿಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಹಿತ್ತಾಳೆಯ ಅಳತೆಗೇಜು ಇರುತ್ತದೆ. ಕಣ್ಣುಗುಳಿಯ ಹಿಂಬದಿಯಿಂದ ಬೆನ್ನಚಿಪ್ಪಿನ ಹಿಂಅಂಚಿನವರೆಗೆ ಇಟ್ಟು ನೋಡಬೇಕು. ಮೂರೂಕಾಲು ಅಂಗುಲಕ್ಕಿಂತ ಚಿಕ್ಕದಾದರೆ ವಾಪಸು ಕಡಲಿಗೆ. 5 ಅಂಗುಲ ಮೀರಿದರೂ ವಾಪಸು. ಚಿಕ್ಕದನ್ನು ಬಿಡುವ ಕಾರಣ ಎಲ್ಲರಿಗೂ ಹೊಳೆಯುತ್ತದೆ. ದೊಡ್ಡದನ್ನು ಬಿಡುವುದೇ ಮೇನ್‌ನ ಜಾಣತನ. ಹೆಣ್ಣು ದೊಡ್ಡದಾದಷ್ಟೂ ಮೊಟ್ಟೆ ಎಷ್ಟೋ ಪಟ್ಟು ಹೆಚ್ಚು, ದೊಡ್ಡ ಗಂಡೂ ಸಂತತಿಗೆ ಬೇಕು. ಕನಿಷ್ಠ ಅಳತೆ ಮುಟ್ಟಲು ಒಂದು ಲಾಬ್‌ಸ್ಟರ್‌ಗೆ ಸುಮಾರು 5ರಿಂದ 7 ವರ್ಷ ಹಿಡಿಯುತ್ತದೆ, ಆಗ ಅದರ ತೂಕ ಒಂದು ಪೌಂಡಿನ ಮೇಲೆ ಸ್ವಲ್ಪ. ಕನಿಷ್ಠ ಅಳತೆಯನ್ನು ಹದಿನಾರನೇ ಒಂದು ಅಂಗುಲ ಏರಿಸುವ ಪ್ರಸ್ತಾಪ ಬಂದಿತ್ತು. ಮೀನುಗಾರರ ವಿರೋಧದಿಂದ 2025ರ ಆರಂಭದಲ್ಲಿ ಹಿಂದೆ ಹೋಯಿತು.

ಕಚ್ಚು. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿದರೆ ಅದರ ಬಾಲದ ರೆಕ್ಕೆಯೊಂದರಲ್ಲಿ ವಿ ಆಕಾರದ ಕಚ್ಚು ಹಾಕಿ ಬಿಡುತ್ತಾರೆ. ಬೆನ್ನು ಮೇಲಾಗಿ ಹಿಡಿದು ಹಿಂದಿನಿಂದ ನೋಡಿದಾಗ ನಡುರೆಕ್ಕೆಯ ಬಲಕ್ಕಿರುವ ರೆಕ್ಕೆ ಅದು. ಮುಂದೆ ಅದು ಯಾರ ಬೋನಿಗೆ ಬಿದ್ದರೂ, ಆಗ ಮೊಟ್ಟೆ ಇಲ್ಲದಿದ್ದರೂ, ಇಟ್ಟುಕೊಳ್ಳುವ ಹಾಗಿಲ್ಲ. ಚಿಪ್ಪು ಕಳಚಿದಾಗ ಕಚ್ಚು ಸ್ವಲ್ಪ ಮುಚ್ಚುತ್ತಾ ಬರುತ್ತದೆ, ಆದರೆ ಮೇನ್‌ನಲ್ಲಿ ಎಷ್ಟೇ ಮಸುಕಾದ ಕಚ್ಚಿದ್ದರೂ ಅದು ಕಚ್ಚೇ. ಕಚ್ಚು ಮರೆಸಲು ರೆಕ್ಕೆ ಹರಿದಂತೆ ಕಂಡರೆ ಅದೂ ಅಪರಾಧ.

ಬೋನು. ಒಬ್ಬರಿಗೆ ಗರಿಷ್ಠ 800, ಪ್ರತಿಯೊಂದಕ್ಕೂ ಚೀಟಿ. ಪಕ್ಕದಲ್ಲಿ ಚಿಕ್ಕವು ತಪ್ಪಿಸಿಕೊಳ್ಳುವ ಕಿಂಡಿ ಇರಬೇಕು; ಆಯತದ ಕಿಂಡಿಯಾದರೆ 2 ಅಂಗುಲಕ್ಕೆ ಹದಿನಾರನೇ ಒಂದು ಅಂಗುಲ ಕಮ್ಮಿ ಎತ್ತರ. ಜತೆಗೆ ಕೊಳೆತು ಬಿಟ್ಟುಕೊಳ್ಳುವ ಒಂದು ಬಾಗಿಲು ಕಡ್ಡಾಯ. ಹಗ್ಗ ಕಡಿದು ತಳದಲ್ಲೇ ಉಳಿದ ಬೋನು ವರ್ಷಗಟ್ಟಲೆ ಹಿಡಿಯುತ್ತಾ ಕೊಲ್ಲುತ್ತಾ ಇರಬಾರದು ಎಂದು ಇದು. ತಳಗುಡಿಸುವ ಬಲೆಯಲ್ಲಿ ಲಾಬ್‌ಸ್ಟರ್ ಹಿಡಿಯುವುದು ಮೇನ್‌ನಲ್ಲಿ ನಿಷಿದ್ಧ.

ಮನುಷ್ಯರು. ಪರವಾನಗಿ ಹೊಂದಿದವರು ಖುದ್ದಾಗಿ ದೋಣಿಯಲ್ಲಿರಬೇಕು, ಕಂಪನಿಯೊಂದು ನೂರು ದೋಣಿಗೆ ಕೂಲಿಯಾಳು ಇಡಲಾಗದು. ಹೊಸಬರು ಕನಿಷ್ಠ ಎರಡು ವರ್ಷದ ಅವಧಿಯಲ್ಲಿ 200 ದಿನ, 1,000 ಗಂಟೆ ಅನುಭವಿಗಳ ಕೈಕೆಳಗೆ ಕಲಿತು ದಾಖಲೆ ಕೊಡಬೇಕು. ಆಮೇಲೂ ತಮ್ಮ ವಲಯದ ಕಾಯುವ ಪಟ್ಟಿಯಲ್ಲಿ ನಿಲ್ಲಬೇಕಾಗಬಹುದು. ತೀರ 7 ವಲಯಗಳಾಗಿ ಹಂಚಿದೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಶನಿವಾರ ಸಂಜೆ 4ರಿಂದ ಸೋಮವಾರ ಬೆಳಗಿನ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ಬೋನು ಎತ್ತುವ ಹಾಗಿಲ್ಲ.

ಆದರೆ ಎಲ್ಲ ಯಶಸ್ಸನ್ನೂ ನಿಯಮಕ್ಕೇ ಕೊಟ್ಟರೆ ಪೂರ್ತಿ ನಿಜವಾಗದು. ಮರಿ ಲಾಬ್‌ಸ್ಟರ್ ತಿನ್ನುತ್ತಿದ್ದ ಕಾಡ್ ಮೀನು ಅತಿಯಾಗಿ ಹಿಡಿದು ಕುಸಿದದ್ದು, ತಣ್ಣಗಿದ್ದ ನೀರು ಲಾಬ್‌ಸ್ಟರ್‌ಗೆ ಹಿತವಾಗುವಷ್ಟು ಬೆಚ್ಚಗಾದದ್ದು ಇವೂ ಸೇರಿದವು. 2016ರಲ್ಲಿ ಹಿಡಿತ ಸುಮಾರು 13.2 ಕೋಟಿ ಪೌಂಡ್ ಮುಟ್ಟಿತು. 2024ರಲ್ಲಿ ಸುಮಾರು 8.6 ಕೋಟಿ ಪೌಂಡ್. ಬೆಲೆ ಏರಿದ್ದರಿಂದ ದಡದಲ್ಲಿ ಸಿಕ್ಕ ಹಣ ಸುಮಾರು 52.8 ಕೋಟಿ ಡಾಲರ್.

---

ಪಾಠದಪುಟ:

ಬೋನುಬೆಂಡು ಅವರೇ, ನೀರು ಬೆಚ್ಚಗಾದದ್ದು ಒಳ್ಳೆಯದೇ ಆಯಿತು ಎಂದಾದರೆ ಹಿಡಿತ ಇಳಿಯುತ್ತಿರುವುದೇಕೆ? ಇನ್ನೊಂದು: ದಡದ ಬಂಡೆ-ಮರಳಿನ ಮೇಲೆ ಯಾರು ಬೇಕಾದರೂ ಓಡಾಡಬಹುದೇ? ಎರಡು ಕಡೆ ಎರಡು ರೀತಿ ಓದಿದೆ.

---

ಬೋನುಬೆಂಡು:

ಸ್ವಲ್ಪ ಬೆಚ್ಚಗಾದರೆ ಹಿತ, ಅದು ಮೀರಿದರೆ ಕೇಡು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲಾಬ್‌ಸ್ಟರ್ ಉಸಿರಾಟಕ್ಕೇ ಒದ್ದಾಡುತ್ತದೆ, ಚಿಪ್ಪಿನ ರೋಗ ಹೆಚ್ಚುತ್ತದೆ. ದಕ್ಷಿಣ ನ್ಯೂ ಇಂಗ್ಲೆಂಡಿನ (ಮೇನ್ ಸೇರಿರುವ ಈಶಾನ್ಯ ರಾಜ್ಯಗಳ ಗುಂಪಿನ ದಕ್ಷಿಣ ಭಾಗದ) ಕಸುಬು ಹೀಗೇ ಕುಸಿಯಿತು. ಲಾಂಗ್ ಐಲ್ಯಾಂಡ್ ಸೌಂಡ್‌ನಲ್ಲಿ 1999ರಲ್ಲಿ ಸಾಮೂಹಿಕವಾಗಿ ಸತ್ತವು. 2004ರಿಂದ 2013ರವರೆಗಿನ ದಶಕದಲ್ಲಿ ಮೇನ್ ಕೊಲ್ಲಿ ಜಗತ್ತಿನ ಸಾಗರದ ನೂರಕ್ಕೆ 99 ಪಾಲಿಗಿಂತ ವೇಗವಾಗಿ ಕಾವೇರಿತು. ಲಾಬ್‌ಸ್ಟರ್‌ನ ದಟ್ಟಣೆ ನಿಧಾನಕ್ಕೆ ಪೂರ್ವಕ್ಕೂ ಆಳಕ್ಕೂ ಸರಿಯುತ್ತಿದೆ. ಆಳಕ್ಕೆ ಹೋಗಬೇಕಾದರೆ ದೊಡ್ಡ ದೋಣಿ, ಉದ್ದದ ಹಗ್ಗ, ಹೆಚ್ಚು ಡೀಸೆಲ್. ಎರೆಯಾಗಿ ಬಳಸುತ್ತಿದ್ದ ಹೆರಿಂಗ್ ಮೀನಿನ ಪಾಲನ್ನೂ ಬಿಗಿಯಾಗಿ ಕಡಿತ ಮಾಡಿದ್ದರಿಂದ ಎರೆಯ ಖರ್ಚೂ ಏರಿತು.

ಬೇಗ ಬಂದ ಶಾಖ ಏನು ಮಾಡುತ್ತದೆ ಎಂಬುದಕ್ಕೆ 2012 ಸಾಕ್ಷಿ. ಆ ವರ್ಷ ನೀರು ಅಕಾಲದಲ್ಲಿ ಕಾದು ಲಾಬ್‌ಸ್ಟರ್‌ಗಳು ವಾರಗಟ್ಟಲೆ ಮೊದಲೇ ಚಿಪ್ಪು ಕಳಚಿ ಬೋನಿಗೆ ಬಿದ್ದವು. ಮೆದುಚಿಪ್ಪಿನದು ದೂರದ ಸಾಗಾಟಕ್ಕೆ ತಾಳುವುದಿಲ್ಲ, ಸಂಸ್ಕರಣೆಗೇ ಹೋಗಬೇಕು. ಕೆನಡಾದ ಕಾರ್ಖಾನೆಗಳು ಆಗ ತಮ್ಮಲ್ಲಿಯ ಹಿಡಿತದಿಂದಲೇ ತುಂಬಿದ್ದವು. ಕೆಲವು ಬಂದರುಗಳಲ್ಲಿ ಬೆಲೆ ಪೌಂಡಿಗೆ 2 ಡಾಲರ್‌ಗೂ ಕೆಳಗಿಳಿಯಿತು, ನ್ಯೂ ಬ್ರನ್ಸ್‌ವಿಕ್‌ನ ಮೀನುಗಾರರು ಮೇನ್‌ನ ಸರಕು ಬರದಂತೆ ಕಾರ್ಖಾನೆ ಬಾಗಿಲು ಅಡ್ಡಗಟ್ಟಿದರು. ತಣ್ಣೀರನ್ನೇ ನಂಬಿದ್ದ ಉತ್ತರದ ಸೀಗಡಿಯ ಹಿಡಿತ 2014ರ ಋತುವಿನಿಂದ ಮುಚ್ಚಿದೆ. ಲಾಬ್‌ಸ್ಟರ್‌ನವರು ಅದನ್ನು ಮರೆತಿಲ್ಲ.

ತಿಮಿಂಗಿಲದ ವಿಷಯವೂ ಸೇರಿಸಿ. ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲ ಅಳಿವಿನಂಚಿನಲ್ಲಿದೆ, ಬೋನಿನಿಂದ ಮೇಲಿನ ಬೆಂಡಿಗೆ ನೆಟ್ಟಗೆ ನಿಂತ ಹಗ್ಗಕ್ಕೆ ಸಿಕ್ಕಿಕೊಂಡು ಸಾಯುವುದುಂಟು. ಅದಕ್ಕಾಗಿ ಮೇನ್‌ನ ಹಗ್ಗಕ್ಕೆ ನೇರಳೆ ಗುರುತು ಕಡ್ಡಾಯ, 1,700 ಪೌಂಡ್ ಎಳೆತಕ್ಕೆ ಕಡಿದುಹೋಗುವ ದುರ್ಬಲ ಕೊಂಡಿಗಳನ್ನು ಜೋಡಿಸಬೇಕು. ಹೊಸ ಒಕ್ಕೂಟ ನಿಯಮಗಳನ್ನು 2028ರ ಕೊನೆಯವರೆಗೆ ಸಂಸತ್ತು ತಡೆದಿದೆ.

---

ಲೆಕ್ಕದಹೊತ್ತಿಗೆ ಉತ್ತರ:

"ಬೆನ್ನೆಲುಬು" ವಾಕ್ಯ ತೆಗೆಯಿರಿ. ಲಾಬ್‌ಸ್ಟರ್ ಇಲ್ಲದೆ ಪೂರ್ವ ಕರಾವಳಿಯ ಎಷ್ಟೋ ಊರು ಇಲ್ಲ, ನಿಜ. ಇಡೀ ರಾಜ್ಯದ ಲೆಕ್ಕದಲ್ಲಿ ಮಾತ್ರ ಅತಿ ಹೆಚ್ಚು ಜನ ದುಡಿಯುವುದು ಆಸ್ಪತ್ರೆ ಮತ್ತು ಆರೈಕೆ ಕ್ಷೇತ್ರದಲ್ಲಿ. ಅಮೆರಿಕದಲ್ಲೇ ಅತಿ ಹೆಚ್ಚು ವಯಸ್ಸಾದ ಜನಸಂಖ್ಯೆಯ ರಾಜ್ಯ ಇದು, ನಡುವಯಸ್ಸು (ಅರ್ಧ ಜನ ಇದಕ್ಕಿಂತ ದೊಡ್ಡವರು) ಸುಮಾರು 45. ಆಮೇಲೆ ಚಿಲ್ಲರೆ ವ್ಯಾಪಾರ, ಪ್ರವಾಸೋದ್ಯಮ, ಹಡಗು ನಿರ್ಮಾಣ. ಬಾತ್ ಊರಿನ ಹಡಗುಕಟ್ಟೆ 1884ರಿಂದ ಇದೆ, 6,000ಕ್ಕೂ ಹೆಚ್ಚು ಜನ ಅಲ್ಲಿ ನೌಕಾಪಡೆಗೆ ವಿಧ್ವಂಸಕ ನೌಕೆ ಕಟ್ಟುತ್ತಾರೆ. ಕಿಟರಿಯ ನೌಕಾನೆಲೆಯಲ್ಲಿ ಜಲಾಂತರ್ಗಾಮಿಗಳ ದುರಸ್ತಿ. ಅದರ ಹೆಸರಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಇದ್ದರೂ ನೆಲ ಮೇನ್‌ನದು. 2001ರಲ್ಲಿ ಸುಪ್ರೀಂ ಕೋರ್ಟ್ ನೆರೆರಾಜ್ಯದ ದಾವೆಯನ್ನು ವಜಾ ಮಾಡಿತು.

ಕೃಷಿಯಲ್ಲಿ ಎರಡನ್ನು ಬಿಡಬೇಡಿ. ಉತ್ತರದ ಅರೂಸ್ಟುಕ್ ಕೌಂಟಿ (ಜಿಲ್ಲೆ) ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು, ಆಲೂಗಡ್ಡೆಯ ನಾಡು. ಅಗೆಯುವ ಕಾಲಕ್ಕೆ ಅಲ್ಲಿನ ಕೆಲವು ಶಾಲೆಗಳು ಇವತ್ತಿಗೂ ರಜೆ ಕೊಡುತ್ತವೆ. ಪೂರ್ವದ ವಾಷಿಂಗ್ಟನ್ ಕೌಂಟಿಯಲ್ಲಿ ಕಾಡು ಬ್ಲೂಬೆರಿ; ಇಡೀ ರಾಜ್ಯದಲ್ಲಿ ಸುಮಾರು 40,000 ಎಕರೆ. ಇದನ್ನು ಯಾರೂ ನೆಡುವುದಿಲ್ಲ. ಹಿಮನದಿ ಬಿಟ್ಟುಹೋದ ಮರಳು-ಜಲ್ಲಿಯ ಆಮ್ಲೀಯ ನೆಲದಲ್ಲಿ ನೆಲದಡಿಯ ಕಾಂಡದಿಂದ ತಾನಾಗಿ ಹಬ್ಬುತ್ತದೆ. ಬೇಸಾಯ ಎರಡು ವರ್ಷದ ಸುತ್ತು: ಕೊಯ್ಲಾದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾರೆ ಇಲ್ಲವೇ ಸುಡುತ್ತಾರೆ, ಮುಂದಿನ ವರ್ಷ ಬರೀ ಚಿಗುರು ಮತ್ತು ಹೂಮೊಗ್ಗು, ಅದರಾಚೆಯ ವರ್ಷ ಆಗಸ್ಟ್‌ನಲ್ಲಿ ಹಣ್ಣು. ಹಾಗಾಗಿ ಪ್ರತಿ ವರ್ಷ ಹೊಲದ ಅರ್ಧಭಾಗದಲ್ಲಷ್ಟೇ ಫಲ. ಹೂ ಬಿಡುವಾಗ ಲಾರಿಗಳಲ್ಲಿ ಜೇನುಪೆಟ್ಟಿಗೆ ತರಿಸಬೇಕು. ಆ ವಾರದಲ್ಲಿ ಮಳೆ-ಚಳಿ ಹಿಡಿದರೆ ಜೇನು ಹೊರಬರುವುದಿಲ್ಲ, ಇಳುವರಿ ಬೀಳುತ್ತದೆ. ಮರಳುನೆಲ ನೀರು ಹಿಡಿಯದ ಕಾರಣ ಜುಲೈನಲ್ಲಿ ಬರ ಬಂದರೂ ಅಷ್ಟೇ, ಕಾಯಿ ಸುರುಟುತ್ತದೆ. ಬೆಳೆಯ ಬಹುಪಾಲು ನೇರ ಶೀತಲೀಕರಣಕ್ಕೆ ಹೋಗುತ್ತದೆ. ತಾಜಾ ಹಣ್ಣಾಗಿ ಮಾರುವುದು ತೀರ ಕಡಿಮೆ.

---

ಮುದ್ರೆಲಾಂಛನ ಉತ್ತರ:

ನಾಲ್ಕನೆಯದಕ್ಕೆ. ರಾಜ್ಯಪುಷ್ಪ ಬಿಳಿ ಪೈನ್ ಮರದ ಕಾಯಿ ಮತ್ತು ಸೂಜಿಎಲೆಯ ಕುಚ್ಚು, 1895ರಿಂದ. ಸಸ್ಯಶಾಸ್ತ್ರದಲ್ಲಿ ಪೈನ್‌ಗೆ ಹೂವೇ ಇಲ್ಲ, ಬೀಜ ಕಾಯಿಯ ಹೊರಪದರಗಳ ನಡುವೆ ತೆರೆದೇ ಕೂರುತ್ತದೆ. ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ. ಆ ಮರದ ಗುರುತು ಸುಲಭ: ಒಂದೊಂದು ಗುಚ್ಛದಲ್ಲಿ ಐದೈದು ಸೂಜಿ. ಮರಕ್ಕೆ ಈ ಗೌರವ ಬಂದದ್ದು ಹಡಗಿನಿಂದ. 1691ರ ಮ್ಯಾಸಚೂಸೆಟ್ಸ್ ಸನದಿನ ಪ್ರಕಾರ, ನೆಲದಿಂದ 12 ಅಂಗುಲ ಮೇಲೆ 24 ಅಂಗುಲ ಅಥವಾ ಹೆಚ್ಚು ವ್ಯಾಸದ, ಖಾಸಗಿಗೆ ಹಿಂದೆ ಕೊಡದ ನೆಲದ ಪೈನ್‌ಗಳೆಲ್ಲ ಇಂಗ್ಲೆಂಡಿನ ದೊರೆಯ ನೌಕಾಪಡೆಯ ಕೂವೆಗೆ ಮೀಸಲು. ಕೊಡಲಿಯ ಮೂರು ಏಟಿನಿಂದ ಅವುಗಳ ಮೇಲೆ ಬಾಣದ ಗುರುತು ಹಾಕುತ್ತಿದ್ದರು.

ಈಗಿನ ಬಾವುಟ 1909ರದು. ನೀಲಿ ಬಟ್ಟೆಯ ಮೇಲೆ ರಾಜ್ಯಲಾಂಛನ: ಪೈನ್ ಮರದಡಿ ಮಲಗಿದ ಮೂಸ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ), ಒಂದು ಬದಿ ಕುಡುಗೋಲು ಹಿಡಿದ ರೈತ, ಇನ್ನೊಂದು ಬದಿ ಲಂಗರಿನೊಡನೆ ನಾವಿಕ, ಮೇಲೆ ಧ್ರುವನಕ್ಷತ್ರ, "ನಾನು ದಾರಿ ತೋರುತ್ತೇನೆ" ಎಂಬ ಅರ್ಥದ ಲ್ಯಾಟಿನ್ ಮಾತು "ಡಿರಿಗೊ". 1820ರಲ್ಲಿ ಮೇನ್ ಅತ್ಯಂತ ಉತ್ತರದ ರಾಜ್ಯವಾಗಿತ್ತು, ಅದಕ್ಕೇ ಆ ನಕ್ಷತ್ರ. ನಿಮಗೆ ಸಿಕ್ಕ ಇನ್ನೊಂದು ಚಿತ್ರ 1901ರ ಬಾವುಟ: ತಿಳಿಹಳದಿ ಬಟ್ಟೆ, ನಡುವೆ ಹಸಿರು ಪೈನ್, ಮೂಲೆಯಲ್ಲಿ ನೀಲಿ ನಕ್ಷತ್ರ. ಇದನ್ನು ಮರಳಿ ತರಬೇಕೇ ಎಂದು 2024ರ ನವೆಂಬರ್‌ನಲ್ಲಿ ಮತ ಕೇಳಿದಾಗ ಜನ ಬೇಡವೆಂದರು. ಅಂಗಡಿ, ಟೋಪಿ, ಮನೆಯ ಮುಂಬಾಗಿಲಲ್ಲಿ ಮಾತ್ರ ಅದೇ ಹೆಚ್ಚು ಕಾಣುತ್ತದೆ. 2025ರ ಮೇಯಿಂದ ವಾಹನಗಳ ಹೊಸ ನಂಬರ್ ಫಲಕದ ಮೇಲೂ ಪೈನ್ ಮರ ಬಂದಿದೆ. ಮೊದಲು ಅಲ್ಲಿ ರಾಜ್ಯಪಕ್ಷಿ ಚಿಕಡೀ ಇತ್ತು.

ಉಳಿದವು ಚುಟುಕಾಗಿ: ಪ್ರಾಣಿ ಮೂಸ್ (1979), ಬೆಕ್ಕು ಮೇನ್ ಕೂನ್ (1985), ರತ್ನ ಟೂರ್ಮಲೀನ್ (1971), ಹಣ್ಣು ಕಾಡು ಬ್ಲೂಬೆರಿ (1991), ಪಾನೀಯ ಕಹಿ ರುಚಿಯ ಮಾಕ್ಸಿ (2005). ಲಾಬ್‌ಸ್ಟರ್‌ಗೆ ಅಧಿಕೃತ ಸ್ಥಾನ ಸಿಕ್ಕಿದ್ದು 2016ರಲ್ಲಷ್ಟೇ.

ಸೂಜಿಎಲೆ: ಬಿಳಿ ಪೈನ್‌ಗೆ ಒಂದು ಸೇರ್ಪಡೆ. ಅದನ್ನು ಕೊಲ್ಲುವ ಬೊಬ್ಬೆತುಕ್ಕು ರೋಗದ ಶಿಲೀಂಧ್ರಕ್ಕೆ ಬದುಕು ಪೂರೈಸಲು ಎರಡು ಆಸರೆ ಬೇಕು: ಪೈನ್ ಮತ್ತು ಕರಂಟ್-ಗೂಸ್‌ಬೆರಿ ಜಾತಿಯ ಪೊದೆ. ಅದಕ್ಕೇ ಮೇನ್‌ನಲ್ಲಿ ಯುರೋಪಿನ ಕಪ್ಪು ಕರಂಟ್ ಬೆಳೆಸುವುದು ರಾಜ್ಯದಾದ್ಯಂತ ನಿಷಿದ್ಧ. ಆ ಜಾತಿಯ ಬೇರೆ ಗಿಡಗಳಿಗೂ ಹಲವು ಕೌಂಟಿಗಳಲ್ಲಿ ತಡೆಯಿದೆ.

---

ಅಳತೆಪಟ್ಟಿ:

ದಡದ ಓಡಾಟದ ಪ್ರಶ್ನೆ ಉಳಿದಿತ್ತು. ಬೇರೆ ಬಹುಪಾಲು ರಾಜ್ಯಗಳಲ್ಲಿ ಉಬ್ಬರದ ಗೆರೆಯಿಂದ ಕೆಳಗಿನದು ಸಾರ್ವಜನಿಕ. ಮೇನ್‌ನಲ್ಲಿ 1640ರ ದಶಕದ ವಸಾಹತು ಕಟ್ಟಳೆಯಿಂದಾಗಿ ಖಾಸಗಿ ಒಡೆತನ ಇಳಿತದ ಗೆರೆಯವರೆಗೂ ಹೋಗುತ್ತದೆ. ಆ ನಡುಪಟ್ಟಿಯಲ್ಲಿ ಸಾರ್ವಜನಿಕರಿಗೆ ಉಳಿದದ್ದು ಮೂರು ಹಕ್ಕು: ಮೀನು ಹಿಡಿಯುವುದು, ಹಕ್ಕಿ ಬೇಟೆ, ದೋಣಿ ಸಂಚಾರ. ವೆಲ್ಸ್ ಊರಿನ ಮೂಡಿ ಬೀಚ್ ಮೊಕದ್ದಮೆಯಲ್ಲಿ 1989ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಬಿಸಿಲು ಕಾಯಿಸುವುದು ಈ ಮೂರರಲ್ಲಿ ಸೇರದು ಎಂದಿತು. 2019ರಲ್ಲಿ ಬಂಡೆಗೆ ಅಂಟಿ ಬೆಳೆಯುವ ಕಡಲಪಾಚಿಯೂ ನೆಲದ ಒಡೆಯರದೇ, ಅನುಮತಿಯಿಲ್ಲದೆ ಕೊಯ್ಯುವಂತಿಲ್ಲ ಎಂದಿತು.

ಚಿಪ್ಪುಮೀನು ಅಗೆಯುವುದು ಮೀನು ಹಿಡಿಯುವ ಹಕ್ಕಿನೊಳಗೇ ಬರುತ್ತದೆ. ಆದರೂ ಆಯಾ ಊರಿನ ಪರವಾನಗಿ ಕೇಳಿ ತಿಳಿಯಬೇಕು, ಮೆದುಚಿಪ್ಪಿನ ಜಾತಿ 2 ಅಂಗುಲಕ್ಕಿಂತ ಚಿಕ್ಕದಿದ್ದರೆ ವಾಪಸು ಹೂಳಬೇಕು, ಅಗೆಯುವ ದಿನವೇ ರಾಜ್ಯದ ಮುಚ್ಚುಗಡೆ ನಕ್ಷೆ ನೋಡಬೇಕು. ಕೆಂಪುಅಲೆಯ (ಕಡಲಲ್ಲಿ ವಿಷದ ಸೂಕ್ಷ್ಮಪಾಚಿ ಹೆಚ್ಚುವುದು) ವಿಷ ಬೇಯಿಸಿದರೂ ಹೋಗುವುದಿಲ್ಲ, ಚಿಪ್ಪಿನ ಮೇಲೆ ಅದರ ಗುರುತೂ ಇರುವುದಿಲ್ಲ.